ಹಳದಿ ನೀರು

ಗುಜರಿಯಿಂದ ತಂದ ಜೀಪಿನ ಎಂಜಿನ್ನಿಗೆ ಗುರುಸಿದ್ದಪ್ಪ ಮೊದಲ ಸಲ ನೀರು ಸುರಿದು ಕೆಳಗಿನ ನಲ್ಲಿ ತಿರುಗಿಸಿದಾಗ, ತುಕ್ಕಿನ ಕೆಂಪು ನೀರಿಗಿಂತ ಮೊದಲು ಹಳದಿ ನೀರು ಬಂತು. ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿದ. ಅರಿಶಿನ!

ಅರಿಶಿನ ಕಂಡರೆ ಬೇರೆಯವರಿಗೆ ಮದುವೆ ನೆನಪಾದೀತು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ತಲೆ ನರೆತ ಗುರುಸಿದ್ದಪ್ಪನಿಗೆ ನೆನಪಾದದ್ದು ಮೋಸ. ಎಂಜಿನ್ ಸೀಳಿ ನೀರು ಜಿನುಗತೊಡಗಿದರೆ ಲಾರಿಯವರು ರೇಡಿಯೇಟರಿಗೆ ಒಂದು ಹಿಡಿ ಅರಿಶಿನಪುಡಿ ಹಾಕುತ್ತಾರೆ. ಅದು ಸಂದಿಯಲ್ಲಿ ಕೂತು ಸೀಳು ಮುಚ್ಚುತ್ತದೆ. ಮಾರಿ ಕೈತೊಳೆದುಕೊಳ್ಳುವವನಿಗೆ ಅಷ್ಟು ಸಾಕು.

ಆ ಎಂಜಿನ್ ಆರಿಸಿ ತಂದವನು ಹೆಂಡತಿ ಕಮಲಾಕ್ಷಿಯ ಅಣ್ಣ ಮಲ್ಲಿಕಾರ್ಜುನ. ಲಿಂಗಂಪಲ್ಲಿಯ ಗುರುಸಿದ್ದಪ್ಪನ ಮನೆಯ ಪಕ್ಕದ ಶೆಡ್ಡಿನಲ್ಲಿ ಇಬ್ಬರೂ ಕೂಡಿ ಜೋಳದ ಗಿರಣಿ ಹಾಕುವುದು, ಕರೆಂಟು ಹೋದರೂ ನಿಲ್ಲದಂತೆ ಎಂಜಿನ್ನಿನಿಂದ ಓಡಿಸುವುದು ಎಂದು ಮಾತಾಗಿತ್ತು. ಕಮಲಾಕ್ಷಿಗೆ ಹೈದರಾಬಾದಿನಲ್ಲಿ ತವರು ಎಂದರೆ ಮೆಹದಿಪಟ್ಟಣದ ಆ ಅಣ್ಣನ ಮನೆ ಒಂದೇ. ಆದ್ದರಿಂದ ಗುರುಸಿದ್ದಪ್ಪ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ಆದರೆ ಸಂಶಯ ಹೊಕ್ಕವರು ಜಗಳವಾಡುವುದಿಲ್ಲ, ಸಾಕ್ಷಿ ಹುಡುಕುತ್ತಾರೆ.

ಅನುಮಾನಂ ಪೆದ್ದರೋಗಂ, ಸಂಶಯವೇ ದೊಡ್ಡ ರೋಗ ಎನ್ನುತ್ತಾರಲ್ಲ ತೆಲುಗರು, ಆ ರೋಗಕ್ಕೆ ಹಸಿವು ಬಹಳ. ಗುಜರಿಯವನು ಮಲ್ಲಿಕಾರ್ಜುನನಿಗೆ ಚಹಾ ಕೊಡಿಸಿದ್ದು ನೆನಪಾಯಿತು. ತಾನು ಬೇರೆ ಎಂಜಿನ್ ನೋಡೋಣವೆಂದಾಗ ‘ಇದ ಛಲೋ ಐತಿ’ ಎಂದು ಅವನು ಅವಸರ ಮಾಡಿದ್ದೂ ನೆನಪಾಯಿತು. ಭಾನುವಾರ ಬಂದ ಮಲ್ಲಿಕಾರ್ಜುನ, ಎಂಜಿನ್ನಿನ ಒಳಗಿನ ನೀರಿನ ದಾರಿಯಲ್ಲಿ ಕಟ್ಟಿದ್ದ ಸುಣ್ಣ, ತುಕ್ಕನ್ನು ತಂತಿಯಿಂದ ಕೆರೆದು ನೋಡಿ ಹೇಳಿದ:

“ಆ್ಯಸಿಡ್ ಗೀಸಿಡ್ ಹಾಕಬ್ಯಾಡ್ರಿ ಗುರುಸಿದ್ದಪ್ಪಾರ. ಹುಣಸೀ ನೀರು ತುಂಬಿ ಇಡ್ರಿ, ನಿಧಾನಕ ಬಿಡತೈತಿ. ಹಳೇ ಕಬ್ಬಿಣ, ಒಳಗಿನ ಗೋಡಿ ಭಾಳ ತೆಳ್ಳಗಾಗಿರತೈತಿ.”

ಇದು ಯಾವ ಫಿಟ್ಟರನಾದರೂ ಹೇಳುವ ಮಾತು. ಗುರುಸಿದ್ದಪ್ಪನೇ ಎಷ್ಟೋ ಜನರಿಗೆ ಹೇಳಿದ್ದ. ಆದರೆ ಅಂದು ಅವನ ಕಿವಿಗೆ ಬೇರೆಯೇ ಕೇಳಿಸಿತು. ಆ್ಯಸಿಡ್ ಹಾಕಿದರೆ ಅರಿಶಿನ ಕಿತ್ತುಹೋಗಿ ಸೀಳು ಬಯಲಾಗುತ್ತದೆ, ಅದಕ್ಕೇ ಬೇಡ ಅನ್ನುತ್ತಾನೆ ಕಳ್ಳ!

“ಆತು ಅಣ್ಣಾರ,” ಎಂದ, ನಗುತ್ತಲೇ.

ಮಲ್ಲಿಕಾರ್ಜುನ ಗ್ಯಾಸ್ಕೆಟ್ ತರಲು ರಾಣಿಗಂಜ್‌ಗೆ ಹೋದ ದಿನ, ಗುರುಸಿದ್ದಪ್ಪ ತುಂಬಿಟ್ಟಿದ್ದ ಹುಣಸೆ ನೀರನ್ನು ಚೆಲ್ಲಿ, ಪಾಯಖಾನೆ ತೊಳೆಯುವ ಆ್ಯಸಿಡ್ಡನ್ನು ನೀರು ಬೆರೆಸದೆ ಹಾಗೇ ಸುರಿದು ಡ್ಯೂಟಿಗೆ ಹೋದ. ಸಂಜೆ ಬಂದು ತೊಳೆದು ನೀರು ತುಂಬಿದ. ಎಂಜಿನ್ನಿನ ಪಕ್ಕೆಯಿಂದ ನೀರು ತೊಟ್ಟಿಕ್ಕತೊಡಗಿತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಗಿರಣಿಯ ಕನಸು ಸೋರಿಹೋಗುತ್ತಿದೆ ಎಂಬುದೂ ಹೊಳೆಯಲಿಲ್ಲ.

“ಬಾ ಇಲ್ಲಿ, ನಿಮ್ಮಣ್ಣನ ಕಾರಭಾರ ನೋಡು! ಒಡದ ಎಂಜಿನ್ನಿಗೆ ಅರಿಶಿನಾ ಮೆತ್ತಿ ನಮ್ಮ ತಲೀಗೆ ಕಟ್ಯಾನ. ಹಳದಿ ನೀರು ನಾನ ಕಣ್ಣಾರೆ ನೋಡೇನಿ!”

ಕಮಲಾಕ್ಷಿ ಕಣ್ಣು ಪಿಳಿಪಿಳಿ ಬಿಟ್ಟಳು.

“ಅಯ್ಯ, ಅದು ನಾ ಹಾಕಿದ್ದು ರೀ! ಎಂಜಿನ್ ಮನೀಗೆ ಬಂದ ದಿನ ನೀವು ಡ್ಯೂಟಿಗೆ ಹೋಗಿದ್ರಿ. ಪೂಜಿ ಮಾಡಿದೆ. ಪೂಜಿ ಅರಿಶಿನದ ನೀರು ತುಳಿಯೂ ಕಡೆ ಚೆಲ್ಲಬಾರದಲ್ಲ, ಇಲ್ಲಿ ನೋಡಿದ್ರ ಒಂದು ಗಿಡಾನೂ ಇಲ್ಲ. ಅದರ ಬಾಯಾಗ ಹಾಕಿಬಿಟ್ಟೆ.”

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇಲ್ಲಿ ನೀರು ನಿಜವಾಗಿಯೂ ಹಳದಿಯೇ ಇತ್ತು, ಕಾಮಾಲೆ ಮಾತ್ರ ಗುರುಸಿದ್ದಪ್ಪನದು. ಅವನು ಬಗ್ಗಿ ನೀರು ತೊಟ್ಟಿಕ್ಕುವ ಜಾಗವನ್ನು ಮತ್ತೆ ನೋಡಿದ. ಸೀಳಲ್ಲ, ಆ್ಯಸಿಡ್ ತಿಂದು ಮಾಡಿದ ಹೊಸ ತೂತು. ಅಂಚು ಬೆಳ್ಳಗೆ ಹೊಳೆಯುತ್ತಿತ್ತು.

ಎದ್ದು ತಿರುಗಿದರೆ ಶೆಡ್ಡಿನ ಬಾಗಿಲಲ್ಲಿ ಮಲ್ಲಿಕಾರ್ಜುನ ನಿಂತಿದ್ದ, ಕೈಯಲ್ಲಿ ಗ್ಯಾಸ್ಕೆಟ್. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಆ್ಯಸಿಡ್ಡಿನ ಘಾಟಿಗೆ ಅವನು ಒಮ್ಮೆ ಕೆಮ್ಮಿದ. ಕೂಗಾಡಲಿಲ್ಲ. ಒಳಗೆ ಬಂದು ತೂತಿನ ಮೇಲೆ ಬೆರಳಿಟ್ಟು ನೋಡಿ, ಗ್ಯಾಸ್ಕೆಟನ್ನು ಎಂಜಿನ್ನಿನ ಮೇಲೆ ಇಟ್ಟ.

“ನನ್ನ ಮ್ಯಾಲೆ ಸಂಶಯ ಇತ್ತಂದ್ರ ನನ್ನ ಕೇಳಬೇಕಿತ್ತು ರೀ. ಈ ಎಂಜಿನ್ನನ್ಯಾಕ ಕೇಳಿದ್ರಿ?”

ತಂಗಿಯ ಮುಖ ನೋಡದೆ ಹೊರಟುಹೋದ. ಕಮಲಾಕ್ಷಿ ಬರಿಗಾಲಲ್ಲೇ “ಅಣ್ಣಾ, ನಿಂದರೋ” ಎನ್ನುತ್ತ ಅವನ ಹಿಂದೆ ರಸ್ತೆಯವರೆಗೆ ಓಡಿದಳು. ಗುರುಸಿದ್ದಪ್ಪನೂ ಬಾಗಿಲಿಗೆ ಬಂದು ಕೂಗಲು ಬಾಯಿ ತೆರೆದ. ಅಂದು ನಗುತ್ತಲೇ ಅಂದಿದ್ದ ‘ಅಣ್ಣಾರ’ ಈಗ ನಾಲಿಗೆಗೆ ಬರಲಿಲ್ಲ.