ಅಪ್ಪನ ಜೇಬಿನ ಕಾಫಿಬೀಜ

ಹಟ ಅನ್ನುವುದು ನನಗೆ ಅಪ್ಪನಿಂದ ಬಂದ ಪಾಲು. ಅದರಲ್ಲಿ ಅವರು ಕಾಸಷ್ಟೂ ಕಡಿಮೆ ಕೊಟ್ಟಿಲ್ಲ. ಆ ಮಧ್ಯಾಹ್ನ ಮೂಡಿಗೆರೆಯ ನರ್ಸಿಂಗ್ ಹೋಮಿನಲ್ಲಿ ಅಮ್ಮನ ಮಂಚದ ಆಚೆಗೆ ಅವರು, ಈಚೆಗೆ ನಾನು ನಿಂತು ಜಗಳಕ್ಕೆ ಬಿದ್ದಿದ್ದೆವು. ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ. ಜೀವ ಹೋದರೂ ಬಿಡುವುದಿಲ್ಲ ಎಂದು ನಾನು.

ಇಷ್ಟಕ್ಕೂ ಕಾರಣ ಒಂದು ದಬ್ಬಣ. ಪೇಟೆಯಲ್ಲಿ ನಮ್ಮದು ಕಾಫಿ ಕೊಳ್ಳುವ ಮಂಡಿ. ಬೋರ್ಡಿನ ಮೇಲೆ ಅಪ್ಪ ಬಸವರಾಜಪ್ಪನವರ ಹೆಸರಿದೆ, ಮಂಡಿ ನಡೆಸುವವಳು ಅಮ್ಮ ಸರೋಜಮ್ಮ, ತಕ್ಕಡಿಯ ಹತ್ತಿರ ಕೂರುವವಳು ನಾನು, ಸುಪ್ರಿಯಾ. ಆಳುಗಳು ಹೊಲಿದ ಚೀಲದ ಬಾಯಿ ಅಮ್ಮನಿಗೆ ಎಂದೂ ಸರಿಬರುವುದಿಲ್ಲ. ಕಿತ್ತು ತಾನೇ ಹೊಲಿಯುತ್ತಾಳೆ. ಹಾಗೆ ಹೊಲಿಯುವಾಗ ದಬ್ಬಣ ಜಾರಿ ಎಡ ಅಂಗೈಗೆ ಆಳವಾಗಿ ಚುಚ್ಚಿತು. ಅಮ್ಮ ಡಬ್ಬಿಯಿಂದ ಒಂದು ಚಿಟಿಕೆ ಕಾಫಿಪುಡಿ ತೆಗೆದು ಗಾಯಕ್ಕೆ ಒತ್ತಿ ಬಟ್ಟೆ ಕಟ್ಟಿಕೊಂಡಳು. ನಮ್ಮ ಕಡೆ ಬೆರಳು ಕೊಯ್ದರೂ ಕಾಲು ತರಚಿದರೂ ಮದ್ದು ಅದೇ.

"ಇಂಜೆಕ್ಷನ್ ತಗೋಬಾರ್ದಾ?" ಅಂದೆ.

"ಹೋಗೇ, ನಿನ್ನಜ್ಜಿ ಇದನ್ನೇ ಮೆತ್ಕೊಂಡು ತೊಂಬತ್ತು ವರ್ಷ ಗಟ್ಟಿಯಾಗಿದ್ಲು" ಅಂದಳು.

ಅಜ್ಜಿಯ ಹೆಸರು ಬಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಕೈ ಬನ್ನಿನ ಹಾಗೆ ಊದಿತು. ಆಮೇಲೆ ಕಂಬಳಿ ಹೊದ್ದರೂ ನಿಲ್ಲದ ನಡುಕ, ಮುಟ್ಟಿದರೆ ಸುಡುವ ಜ್ವರ. ಎಳೆದುಕೊಂಡೇ ತಂದು ಇಲ್ಲಿ ಸೇರಿಸಿದೆವು.

ಇಲ್ಲಿ ಸೇರಿಸಿದ ಮಾರನೆಯ ದಿನ ಜ್ವರ ಇಳಿಯಿತು. ಅಪ್ಪನ ಮುಖ ಅರಳಿಬಿಟ್ಟಿತು. "ನೋಡು, ಮೈ ತಣ್ಣಗಾಯ್ತು. ಜ್ವರ ಬಿಟ್ಟ ಮೇಲೆ ತಲೆಗೆ ನೀರು ಹಾಕ್ಬೇಕು. ಮನೇಲಿ ಹಂಡೆಗೆ ಬೆಂಕಿ ಹಾಕ್ಸು. ಬಿಸಿನೀರು ಹುಯ್ದು, ಮೆಣಸಿನ ಸಾರು ಅನ್ನ ಉಣ್ಸಿದ್ರೆ ನಾಳೆ ಮಂಡೀಲಿ ಕೂತು ನನ್ನೇ ಬೈತಿರ್ತಾಳೆ" ಅಂದರು.

ಡಾಕ್ಟರ್ ವಂದನಾ ರಿಪೋರ್ಟು ಹಿಡಿದುಕೊಂಡು ಬಂದದ್ದು ಆಗಲೇ. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ಅಷ್ಟೆ. ಆದರೆ ಅಪ್ಪನ ಗಂಟಲಿಗೆ ಹೆದರುವವರಲ್ಲ.

"ಜ್ವರ ಬಿಟ್ಟಿದ್ದಲ್ಲ ಸಾರ್, ಮೈ ಸೋತಿದ್ದು. ಎಲ್ಲಾದ್ರೂ ಸೋಂಕು ಜೋರಾದ್ರೆ ಲಿವರ್ ಸಿಆರ್‌ಪಿ ಅನ್ನೋದನ್ನ ರಕ್ತಕ್ಕೆ ಬಿಡುತ್ತೆ. ಹತ್ತರೊಳಗೆ ಇರ್ಬೇಕಾದ್ದು ನಿನ್ನೆ ತೊಂಬತ್ತಿತ್ತು. ಇವತ್ತು ಇನ್ನೂರು ದಾಟಿದೆ. ಪ್ರೊಕ್ಯಾಲ್ಸಿಟೋನಿನ್ ಅಂತ ಇನ್ನೊಂದಿದೆ, ಅದೂ ಏರಿದೆ. ಲ್ಯಾಕ್ಟೇಟ್ ಏರಿದೆ ಅಂದ್ರೆ ಅಂಗಾಂಗಕ್ಕೆ ಸಾಕಷ್ಟು ರಕ್ತ ಮುಟ್ತಿಲ್ಲ ಅಂತ. ಬಿಪಿ ಕೆಳಗೆ ಹೋಗ್ತಿದೆ, ತಲೆಗೂ ಮಂಪರು ಹತ್ತಿದೆ. ಇದಕ್ಕೆ ಸೆಪ್ಸಿಸ್ ಅಂತಾರೆ. ಕೈಯ ನಂಜು ಮೈಗೆಲ್ಲ ಏರಿದೆ. ಆಂಟಿಬಯಾಟಿಕ್ ಕೊಡ್ತಿದೀವಿ, ಡ್ರಿಪ್ ಹೋಗ್ತಿದೆ, ಆದ್ರೆ ನಮ್ಮಲ್ಲಿ ಐಸಿಯು ಇಲ್ಲ. ಮಂಗಳೂರಿಗೆ ಹೊರಡಿ, ಈಗ್ಲೇ."

"ಅಲ್ರೀ ಡಾಕ್ಟ್ರೇ, ಸೂಜಿ ಚುಚ್ಚಿದ್ದಕ್ಕೆ ಮಂಗಳೂರಾ? ಕಾಗದದ ಮೇಲಿನ ನಂಬರಿಗೆಲ್ಲ ಹೆದರ್ಕೊಂಡು ಓಡೋಕಾಗುತ್ತಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ತೇವ ಅಳೆಯೋ ಮೀಟರಿನ ನಂಬರ್ ನೋಡ್ದೆ ನೀವು ಒಂದು ಚೀಲ ಕಾಫಿ ತಗೊಂಡಿದೀರಾ ಅಪ್ಪಾ? ಮೇಲೊಂದು ಪದರ ಒಣಗಿದ್ದು ಹಾಕಿ ತಳಕ್ಕೆ ಹಸಿ ತುಂಬ್ಕೊಂಡು ಬರೋರನ್ನ ಎಷ್ಟು ಸಲ ಉಗ್ದು ಕಳ್ಸಿದೀರಿ! ಈ ತಣ್ಣಗಿರೋ ಮೈ ಮೇಲಿನ ಪದರ. ರಕ್ತ ತಳದ್ದು."

"ಬಾಯಿ ಮುಚ್ಚು. ಮೀಟರ್ ಅಂತೆ! ನಿಮ್ಮಮ್ಮನ ಹಲ್ಲಿಗಿಂತ ದೊಡ್ಡ ಮೀಟರ್ ಯಾವುದಿದೆ? ಅವಳ ತಲೆ ಸರಿಯಿದೆಯೋ ಇಲ್ವೋ ಅಂತ ಅವಳ ಬಾಯಿಂದ್ಲೇ ಹೇಳಿಸ್ತೀನಿ, ಇರು."

ಹಲ್ಲಿನ ಮಾತು ಸುಳ್ಳಲ್ಲ. ಹಣ್ಣಿನ ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ ಉಗುರಿನಲ್ಲಿ ಬಿಡಿಸಿ, ಒಂದು ಬೀಜ ಕಚ್ಚಿ, ಅಮ್ಮ ತೇವ ಎಷ್ಟಿದೆ ಅಂತ ಹೇಳಿಬಿಡುತ್ತಾಳೆ. ಒಣಗಿದ ಬೀಜ ಹಲ್ಲಿಗೆ ಬಗ್ಗುವುದಿಲ್ಲ. ಹಸಿ ಬೀಜದ ಮೇಲೆ ಹಲ್ಲಿನ ಗುರುತು ಕೂರುತ್ತದೆ. ಒಮ್ಮೆ ಅಮ್ಮನಿಗೂ ಮೀಟರಿಗೂ ತಕರಾರು ಬಂದಾಗ ಕೆಟ್ಟಿದ್ದದ್ದು ಮೀಟರ್. ಅವಳು ತಪ್ಪಿದ್ದನ್ನು ನಾನು ಹುಟ್ಟಿದ ಮೇಲಂತೂ ಕಂಡಿಲ್ಲ.

ಅಪ್ಪ ಅಂಗಿಯ ಜೇಬಿಗೆ ಕೈಹಾಕಿದರು. ಅವರ ಜೇಬಿನಲ್ಲಿ ಯಾವಾಗಲೂ ಎರಡೇ ವಸ್ತು, ವಿಭೂತಿ ಗಟ್ಟಿ ಮತ್ತು ಯಾರದ್ದೋ ಕಾಫಿಯ ಸ್ಯಾಂಪಲ್. ಆ ಬೆಳಿಗ್ಗೆ ಸಂಸೆಯ ಬೆಳೆಗಾರ ಸುಬ್ಬಯ್ಯನವರು ಸ್ಯಾಂಪಲ್ ತಂದಿದ್ದರು. ಹಸಿ ಇದೆ, ಇನ್ನೂ ಕಣದಲ್ಲಿ ಹರಡಿ ಒಣಗಿಸಿ ಅಂತ ಅಪ್ಪನೇ ವಾಪಸು ಕಳಿಸಿ, ಉಳಿದ ಹಿಡಿ ಬೀಜವನ್ನು ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಬಂದಿದ್ದರು.

"ಸರೋಜಾ, ಇದನ್ನ ನೋಡು. ತಗೊಳ್ಳೋದಾ ಬಿಡೋದಾ, ಹೇಳು."

ಅಮ್ಮ ಕಣ್ಣು ತೆರೆದಳು. ಬಲಗೈಯ ಉಗುರು ಸಿಪ್ಪೆಯ ಮೇಲೆ ಜಾರಿತು, ಮತ್ತೆ ಜಾರಿತು. ಕೊನೆಗೆ ಅಪ್ಪನೇ ಬಿಡಿಸಿ ಕೊಟ್ಟರು. ಕಚ್ಚಿದಳು.

"ಒಣಗಿದೆ. ತಗೊಳ್ಳಿ" ಅಂದಳು. ಮತ್ತೆ ಕಣ್ಣು ಮುಚ್ಚಿದಳು.

ಬೀಜ ಅವಳ ಕೈಯಿಂದ ಹಾಸಿಗೆಗೆ ಬಿತ್ತು. ಅಪ್ಪ ಎತ್ತಿಕೊಂಡು ಬೆಳಕಿಗೆ ಹಿಡಿದರು. ಎರಡು ಹಲ್ಲಿನ ಗುರುತು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದರು. ಅಮ್ಮ ತಪ್ಪಿದ್ದಳು.

"ಪೇಷೆಂಟ್ ಬಾಯಿಗೆ ಏನ್ರೀ ಹಾಕಿದ್ರಿ? ಗಂಟಲಿಗೆ ಸಿಕ್ಕಿದ್ರೆ ಏನ್ ಗತಿ?" ವಂದನಾ ಕೂಗಿಕೊಂಡರು.

"ಬೈರಿ ಡಾಕ್ಟ್ರೇ, ಎಷ್ಟು ಬೇಕಾದ್ರೂ ಬೈರಿ. ಮೊದ್ಲು ಆಂಬುಲೆನ್ಸ್ ತರ್ಸಿ" ಅಂದರು ಅಪ್ಪ.

ಅಲ್ಲಿಂದ ಮುಂದೆ ಅಪ್ಪನ ಹಟ ನನ್ನ ಕಡೆಗೆ ಸೇರಿಕೊಂಡಿತು. ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತು ಎರಡೂ ಕಡೆ ವಾಹನ ಕಟ್ಟಿಕೊಂಡಿತ್ತು. ಸೈರನ್ ಹೊಡೆದರೂ ಯಾರೂ ಅಲ್ಲಾಡಲಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟರು.

"ಏ ಮಾರಾಯ, ನಿನ್ ಲಾರಿ ಹೋದ್ರೆ ಇನ್ನೊಂದು ಬರುತ್ತೆ, ನನ್ ಹೆಂಡ್ತಿ ಒಬ್ಳೇ ಇರೋದು! ಹಿಂದಕ್ಕೆ ತಗಿ! ನಾನು ಕಲ್ಲು ಕೊಡ್ತೀನಿ, ತಗಿ!"

ಲಾರಿಯ ಚಕ್ರಕ್ಕೆ ಸ್ವತಃ ಕಲ್ಲು ಕೊಟ್ಟು, ಕಾರಿನವರನ್ನೆಲ್ಲ ಗದರಿಸಿ ಒಂದು ಬದಿಗೆ ಸರಿಸಿ, ದಾರಿ ಬಿಡಿಸಿದರು. ಒಳಗೆ ನಾನು ಅಮ್ಮನ ತಣ್ಣನೆಯ ಕೈ ಹಿಡಿದು ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಿದ್ದೆ. ನನಗೆ ವಿಪರೀತ ಭಯವಾಗಿತ್ತು. ಅವಳು ಹೋಗಿಬಿಟ್ಟರೆ ಕಾಫಿಪುಡಿಯ ಡಬ್ಬಿಯನ್ನೂ ಅಪ್ಪನನ್ನೂ ಒಟ್ಟಿಗೇ ಮನೆಯಿಂದ ಆಚೆ ಹಾಕುತ್ತೇನೆ ಅಂದುಕೊಂಡೆ. ಹೊರಗೆ ಅಪ್ಪನ ಕೂಗು ಕೇಳಿ ಅಳು ಬಂತು.

ಮಂಗಳೂರಿನಲ್ಲಿ ಅಂಗೈ ಕೊಯ್ದು ಕೀವು ತೆಗೆದರು. ಕೀವಿನ ಜೊತೆ ಕಾಫಿಪುಡಿಯೂ ಬಂತಂತೆ. ಐಸಿಯು ಬಾಗಿಲಲ್ಲಿ ಡಾಕ್ಟರ್ ನಿರಂಜನ ನಮಗೆ ದಿನವೂ ವರದಿ ಒಪ್ಪಿಸುತ್ತಿದ್ದರು. ಮೊದಲು ಇಳಿದದ್ದು ಲ್ಯಾಕ್ಟೇಟ್. ಸಿಆರ್‌ಪಿ ಇಳಿಯುವ ಬದಲು ಇನ್ನಷ್ಟು ಏರಿದಾಗ ಅಪ್ಪ ಗೋಡೆಗೆ ಒರಗಿಬಿಟ್ಟರು.

"ಅದು ಯಾವಾಗ್ಲೂ ತಡ. ಒಂದು ದಿನದ ನಂಬರಿಗೆ ಕುಣೀಬೇಡಿ, ಅಳಬೇಡಿ. ಯಾವ ಕಡೆಗೆ ಹೊರಟಿದೆ ನೋಡೋಣ" ಅಂದರು ಡಾಕ್ಟರು.

ಅದೂ ಇಳಿಯತೊಡಗಿತು. ಜೀವಕ್ಕೆ ಭಯ ಕಡಿಮೆ ಅಂದರು. ಅಪ್ಪ ಕೈಮುಗಿದು, "ತಲೆ? ತಲೆ ಮೊದಲಿನ ಹಾಗೆ ಆಗುತ್ತಾ?" ಅಂತ ಕೇಳಿದರು.

"ಅದನ್ನ ರಕ್ತ ಹೇಳಲ್ಲ ಯಜಮಾನ್ರೇ. ಕೆಲವ್ರಿಗೆ ಮಂಪರು ಬಹಳ ಕಾಲ ಉಳಿಯುತ್ತೆ. ಅವ್ರೇ ಹೇಳ್ಬೇಕು."

ಅಮ್ಮನನ್ನು ವಾರ್ಡಿಗೆ ತಂದರು. ಗಂಜಿ ಕುಡಿದಳು, ಕರೆದರೆ ಹೂಂ ಅಂದಳು, ಸುಮ್ಮನೆ ಕಿಟಕಿ ನೋಡುತ್ತ ಮಲಗಿದಳು. ಬೈಗುಳ ಒಂದೂ ಬರಲಿಲ್ಲ. ಬಯ್ಯದ ಅಮ್ಮ ನಮಗೆ ಗೊತ್ತೇ ಇಲ್ಲ. ಅಪ್ಪ ಅಷ್ಟು ದಿನವೂ ಅಂಗಿ ಬದಲಾಯಿಸಿದಾಗಲೆಲ್ಲ ಆ ಬೀಜಗಳನ್ನು ವಿಭೂತಿಯ ಜೊತೆ ಹೊಸ ಜೇಬಿಗೆ ದಾಟಿಸಿಕೊಂಡಿದ್ದರು. ಈಗ ಅವರ ಕೈ ಜೇಬಿನ ಹತ್ತಿರ ಹೋಗುವುದು, ವಾಪಸು ಬರುವುದು.

"ಬೇಡ ಅಪ್ಪಾ" ಅಂದೆ. ಕೇಳಿದರೆ ಅವರು ಬಸವರಾಜಪ್ಪ ಹೇಗಾದಾರು? ಡಾಕ್ಟರ್ ನಿರಂಜನ ಅಂದದ್ದು, ಅವ್ರೇ ಹೇಳ್ಬೇಕು ಅಂತ, ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

"ಸರೋಜಾ, ಇದನ್ನೊಂಚೂರು ನೋಡೇ."

ಅಮ್ಮ ಬೀಜ ತೆಗೆದುಕೊಂಡಳು. ಈ ಸಲ ಸಿಪ್ಪೆಯನ್ನು ತಾನೇ ಬಿಡಿಸಿದಳು. ಕಚ್ಚಿದಳು. ಕಿಟಕಿಯ ಕಡೆ ತಿರುಗಿ, "ಒಣಗಿದೆ" ಅಂದಳು.

ಅದೇ ಮಾತು. ಅಪ್ಪ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು, ಅಪ್ಪನ ಮೇಲೆ, ಡಾಕ್ಟರ ಮೇಲೆ, ದಬ್ಬಣದ ಮೇಲೆ, ದೇವರ ಮೇಲೆ. ಆ ಸಿಟ್ಟಿನಲ್ಲೇ ಅವರ ಜೇಬಿಗೆ ಕೈಹಾಕಿ ಇನ್ನೊಂದು ಬೀಜ ತೆಗೆದು ಸಿಪ್ಪೆ ಕಿತ್ತು ಕಚ್ಚಿದೆ. ಟಕ್ ಅಂತು. ದವಡೆಯವರೆಗೆ ನೋವಾಯಿತು. ತೆಗೆದು ನೋಡಿದರೆ ಬೀಜದ ಮೇಲೆ ಒಂದು ಗೀರೂ ಇರಲಿಲ್ಲ.

"ಅಪ್ಪಾ! ಕಚ್ಚಿ ನೋಡಿ! ನಿಮ್ಮ ಜೇಬಿನಲ್ಲೇ ಒಣಗಿದೆ!"

ಅಪ್ಪ ಕಚ್ಚಿದರು. ಆಮೇಲೆ ಇಡೀ ವಾರ್ಡು ತಿರುಗಿ ನೋಡುವ ಹಾಗೆ ಅತ್ತುಬಿಟ್ಟರು. ಅಳುತ್ತಲೇ, "ತಗೊಳ್ಳೋಣ ಸರೋಜಾ, ಇಡೀ ಲೋಡು ತಗೊಳ್ಳೋಣ" ಅಂದರು.

ಅಮ್ಮ ನಿಧಾನವಾಗಿ ಈ ಕಡೆ ತಿರುಗಿದಳು.

"ಒಣಗಿದೆ ಅಂದೆ ಅಷ್ಟೆ, ತಗೊಳ್ಳಿ ಅಂದ್ನಾ? ಕಾಫಿ ತುಂಬ ವಿಭೂತಿ ವಾಸನೆ. ಇದನ್ನ ಯಾವನು ಕೊಳ್ತಾನೆ? ವಾಪಸ್ ಕಳ್ಸಿ" ಅಂದಳು.