ಗುಡ್ಡದ ಓಣಿ ಹತ್ತಿದ ತಳ್ಳುಗಾಡಿ

ನಾನು ಒಂದು ತಳ್ಳುಗಾಡಿ. ಹಳೇ ಹುಬ್ಬಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಕಿಡಿಗಳ ನಡುವೆ ಹುಟ್ಟಿದೆ. ಬಾಳೆಹಣ್ಣು ಮಾರುವ ಹುಸೇನಬಿ ನನ್ನ ಹಲಗೆಯ ಮೇಲೆ ಕೈಯಾಡಿಸಿದಾಗ, ಅಲ್ಲಿಂದಲೇ ಓಡಿಬಿಡಬೇಕೆನ್ನುವಷ್ಟು ಖುಷಿಯಾಯಿತು.

ಮಾರ್ಕೆಟ್ಟಿನಲ್ಲಿ ಸಂಜೆ ಉಳಿದ ಹಣ್ಣು ಕಸಕ್ಕೆ ಹೋಗುತ್ತಿತ್ತು. ಎಸೆಯುವಾಗ ಹುಸೇನಬಿಯ ಮುಖ ಸಣ್ಣದಾಗುತ್ತಿತ್ತು. ಒಂದು ದಿನ ಆಹಾರ ಬ್ಯಾಂಕಿನ ಸುನಂದಾ ಬಂದಳು. ಡೇರಿ, ಕೋಳಿಫಾರಂ, ಅಂಗಡಿಗಳಲ್ಲಿ ಹೆಚ್ಚಾದದ್ದನ್ನು ಕೆಡುವ ಮೊದಲೇ ತಂದು ಹಂಚುವುದು ಅವಳ ಕೆಲಸ. ಆದರೆ ಅವರ ವ್ಯಾನು ಗುಡ್ಡದ ಕಿರಿದಾದ ಓಣಿಗೆ ಹತ್ತುತ್ತಿರಲಿಲ್ಲ. ಅಲ್ಲಿನ ಬಸುರಿಯರು, ಮುದುಕರು ಇಳಿದು ಬರುವುದೂ ಆಗುತ್ತಿರಲಿಲ್ಲ.

"ಚಾಚಿ, ನಮ್ಮ ಜೋಡಿ ಸೇರ್ತೀರೇನ್ರಿ? ನಿಮ್ಮ ಗಾಡಿ ಮ್ಯಾಲೆ ಹೋಗ್ತೈತಿ."

"ಸೇರ್ತೀನಿ ಬೇಟಿ. ಆದ್ರ ಆ ಏರು ನೋಡೀಯಿಲ್ಲೋ?"

ಮರುದಿನವೇ ಹೊರಟೆವು. ತತ್ತಿ, ಹಾಲು, ಹೆಸರುಕಾಳು, ನುಗ್ಗೆಸೊಪ್ಪು! ಅರ್ಧ ಏರಿನಲ್ಲಿ ನನ್ನ ಗಾಲಿ ಗಟಾರಕ್ಕೆ ಜಾರಿತು. ವಾಲಿದೆ. ತತ್ತಿಯ ಟ್ರೇಗಳು ಅಂಚಿಗೆ ಸರಿದವು. ಹುಸೇನಬಿ ಭುಜ ಕೊಟ್ಟು ಕೂಗಿದಳು: "ಯಾರರೆ ಬರ್ರೀ! ತತ್ತಿ ಬೀಳ್ತಾವು!"

ಬಾಗಿಲುಗಳು ತೆರೆದವು. ಹೆಂಗಸರು ಓಡಿಬಂದರು. ಮೈಯಲ್ಲಿ ರಕ್ತ ಕಡಿಮೆಯೆಂದು ಡಾಕ್ಟರು ಎಚ್ಚರಿಸಿದ್ದ ತುಂಬುಬಸುರಿ ಫಕ್ಕೀರವ್ವನೂ ಬಂದಳು.

"ನೀ ಮುಟ್ಟಬ್ಯಾಡವ್ವಾ, ಬರೇ ಹಾದಿ ತೋರ್ಸು!" ಎಂದಳು ಹುಸೇನಬಿ.

ಎಲ್ಲರೂ ನಗುತ್ತಲೇ ನೂಕಿದರು. ಎಷ್ಟೊಂದು ಕೈ! ಹಾರಿದಂತೆ ಮೇಲೇರಿದೆ. ಒಂದು ತತ್ತಿಯೂ ಒಡೆಯಲಿಲ್ಲ.

ಮೊದಲ ಪಾಲು ಕೊಡಹೋದರೆ ಫಕ್ಕೀರವ್ವ ಹಿಂಜರಿದಳು. "ಪುಕ್ಕಟೆ ತಗೊಳ್ಳಾಕ ನಾಚಿಕಿ ಆಕ್ಕೈತಿ, ಚಾಚಿ."

"ಪುಕ್ಕಟೆ ಯಾಕ? ಹಡೆದು ಗಟ್ಟಿಯಾಗು, ಆಮ್ಯಾಲೆ ನೀನೂ ನೂಕೀಯಂತ."

ಅಂದಿನಿಂದ ದಿನಾ ಹತ್ತಿದೆವು. ಫಕ್ಕೀರವ್ವ ಗುಂಡುಗುಂಡಾದ ಹೆಣ್ಣುಮಗು ಹೆತ್ತಳು. ಹುಸೇನಬಿಯ ಮೊಣಕಾಲು ಸೋತ ವರ್ಷ, ಫಕ್ಕೀರವ್ವನೇ ನನ್ನ ಹಿಡಿಕೆ ಹಿಡಿದಳು. ಓಣಿಯ ಹೆಂಗಸರ ಸಂಘ, ಅಂಗನವಾಡಿ, ಮಾರ್ಕೆಟ್ಟಿನ ಕಾಯಿಪಲ್ಲೆಯವರು ಒಬ್ಬೊಬ್ಬರಾಗಿ ಜೊತೆಗೂಡಿದರು.

ಈಗ ನನ್ನ ಗಾಲಿಗಳು ಸವೆದು ಹೋಗಿವೆ. ಅಂಗನವಾಡಿಯ ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ಹಾಗಂತ ಬಿಡುವೆಲ್ಲಿ? ಓಣಿಯವರು ಮೇಲೆ ಹೊತ್ತು ತಂದ ಕಾಳು, ಸೊಪ್ಪನ್ನೆಲ್ಲ ಬೆಳಿಗ್ಗೆ ನನ್ನ ಮೇಲೆಯೇ ಸುರಿದು ಪಾಲು ಮಾಡುತ್ತಾರೆ. ಒಂಟಿಯಾಗಿ ಉರುಳುವಾಗ ನನಗೆ ಮಾರ್ಕೆಟ್ಟೇ ಲೋಕವಾಗಿತ್ತು. ಕೈಗಳು ಸೇರಿದ ಮೇಲೆ ಲೋಕ ದೊಡ್ಡದಾಯಿತು. ಇವತ್ತು ಪಕ್ಕದ ಗುಡ್ಡಕ್ಕೆ ಹೊಸ ಗಾಡಿಯೊಂದು ಹೊರಟಿದೆ. ಅದರ ತುಂಬ ಹಾಲು, ಸೊಪ್ಪು. ಹೋಗು ತಂಗೀ, ಹೋಗು! ಅಲ್ಲಿ ಒಲೆ ಹೊತ್ತಿಸಿಕೊಂಡು ಕಾಯುತ್ತಿದ್ದಾರೆ!