ಹಗ್ಗದ ಕೂಡ ಕೊಟ್ಟದ್ದು

“ಒಂದ ಸಲಕ್ಕ ಎಷ್ಟ ಮರಿ ಹಾಕ್ತೈತ್ರಿ ಅಕ್ಕಾ?”

ನರಗುಂದದಿಂದ ನಾಯಿ ನೋಡಲು ಬಂದಿದ್ದ ಆಶಿಕ ಚಹದ ಕಪ್ಪನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ದೇವಿಕಾ ಹೊಲಿಗೆ ಯಂತ್ರದ ಗಾಲಿಗೆ ಕೈಯಿಟ್ಟು ನಿಲ್ಲಿಸಿದಳು. ಅವನ ಕಾಲ ಬಳಿ ಚಿನ್ನು ಕೂತಿತ್ತು. ಸುಕ್ಕುಮೋರೆಯ ಪುಟ್ಟ ಪಗ್ ನಾಯಿ. ಮೂಗು ಇದೆಯೋ ಇಲ್ಲವೋ ಅನ್ನುವಷ್ಟು ಚಪ್ಪಟೆ. ಗಜೇಂದ್ರಗಡದ ಏಪ್ರಿಲ್ ಬಿಸಿಲಿಗೆ ಅದು ನಾಲಿಗೆ ಚಾಚಿ ಗೊರಗೊರ ಉಸಿರು ಬಿಡುತ್ತಿತ್ತು.

“ಇನ್ನ ಮ್ಯಾಲೆ ಹಾಕಬಾರದು,” ಎಂದಳು. “ಹೋದ ಸಲ ಹೊಟ್ಟಿ ಕೊಯ್ದು ಮರಿ ತಗದಾರ. ಮತ್ತೊಮ್ಮೆ ಗಬ್ಬಾದ್ರ ಜೀವಾ ಉಳಿಯೂದು ಕಷ್ಟ ಅಂತ ಡಾಕ್ಟರ್ ಹೇಳ್ಯಾರ.”

“ಹಂಗಾದ್ರ ಇದನ್ನ ಒಯ್ದು ಏನ ಮಾಡೂದ್ರಿ?”

ಕುಹಕದಿಂದ ಕೇಳಿದ್ದಲ್ಲ. ಪಾಪ, ನಿಜವಾಗಿ ತಿಳಿಯದೆ ಕೇಳಿದ. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೋದವನು ಮತ್ತೆ ಫೋನು ಮಾಡಲಿಲ್ಲ. ಅವನಿಗಿಂತ ಮೊದಲು ನರೇಗಲ್ಲಿನ ಭಾರತಿ ಟೀಚರು ಬಂದು, ನಮ್ಮಲ್ಲಿ ಗಂಡು ಇದೆ, ಜೋಡಿ ಆಗುತ್ತದೆ ಎಂದು ಚಿನ್ನುವಿನ ಹೊಟ್ಟೆ ಮುಟ್ಟಿ ನೋಡಿದ್ದರು. ಹುಡುಗಿ ನೋಡಲು ಬಂದವರಾದರೂ ಇಷ್ಟು ನೇರವಾಗಿ ಕೇಳುವುದಿಲ್ಲ, ಕೈಯನ್ನಂತೂ ಹಚ್ಚುವುದಿಲ್ಲ. ದೇವಿಕಾಗೆ ಯಾರನ್ನು ಬೈಯಬೇಕೆಂದು ತಿಳಿಯದೆ ತಲೆ ಚಿಟ್ಟುಹಿಡಿದಿತ್ತು.

ಬೈಯಬೇಕಾದವನು ಮನೆಯಲ್ಲೇ ಇದ್ದ. ಅಣ್ಣ ಅನಿಲಕುಮಾರನಿಗೆ ಪಂಪ್‌ಸೆಟ್ ರಿಪೇರಿಯ ಅಂಗಡಿ. ಅದರ ಜೊತೆಗೆ ಈ ಮರಿ ಮಾರುವ ಉಸಾಬರಿ. ಚಿನ್ನು ಮತ್ತು ರಾಜಾ ಎಂಬ ಜೋಡಿ ತಂದು ಸಾಕಿದ್ದ. ಮರಿ ಕಣ್ಣು ಬಿಡುವ ಮೊದಲೇ ಅವುಗಳ ಫೋಟೋ ಮೊಬೈಲಿನ ಸ್ಟೇಟಸ್ಸಿಗೆ ಏರುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಹೊಟ್ಟೆ ಕೊಯ್ದಾಗಲೇ ಗರ್ಭಕೋಶವನ್ನೂ ತೆಗೆಯಲೇ ಎಂದು ಕೇಳಿದ್ದರು. ಬೇಡ ಎಂದವನು ಇವನೇ.

“ಅಣ್ಣಾ, ಅದಕ್ಕ ಉಸಿರ ಆಡಾಕನ ಆಗವಲ್ದು. ಆ ಮೂಗರೆ ನೋಡು,” ಎಂದು ದೇವಿಕಾ ಜಗಳ ತೆಗೆದಿದ್ದಳು.

“ಮೂಗ ಹಂಗ ಇದ್ರನ ಮಂದಿ ತಗೊಳ್ಳೂದು. ಉದ್ದ ಮೂಗಿನ್ವು ಓಣ್ಯಾಗ ಬೇಕಾದಷ್ಟ ಅದಾವು.”

ಜಗಳ ವಾರಗಟ್ಟಲೆ ನಡೆದು, ಕೊನೆಗೆ ಅವನೇ ಬೇಸತ್ತು, ಮತ್ತೆ ಬೆದೆಗೆ ಬರುವುದರೊಳಗೆ ಯಾರಿಗಾದರೂ ಕೊಡುವುದಾದರೆ ಕೊಟ್ಟುಬಿಡು, ಮನೆಯಲ್ಲಿ ಇದ್ದರೆ ನಾನು ಮರಿ ಹಾಕಿಸದೆ ಬಿಡುವವನಲ್ಲ ಎಂದ. ಹೊಟ್ಟೆಯ ಹೊಲಿಗೆ ಪೂರ್ತಿ ಮಾಯದೆ ಗರ್ಭಕೋಶ ತೆಗೆಯುವ ಆಪರೇಶನ್ ಮಾಡಲಾಗದು, ಕೆಲವು ತಿಂಗಳು ಬಿಟ್ಟು ಬನ್ನಿ ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಚಿನ್ನುವನ್ನು ರಾಜಾನಿಂದಲೂ ಅಣ್ಣನಿಂದಲೂ ದೂರ ಇಡಬೇಕಿತ್ತು. ಅವಳಿಗೆ ಬೇಕಿದ್ದದ್ದು ಮರಿಯ ಮಾತೆತ್ತದ ಒಂದು ಮನೆ.

ಅಂಥ ಮನೆ ಬ್ಲೌಸು ಒಯ್ಯಲು ಬಂತು. ಲಕ್ಕಲಕಟ್ಟಿಯ ರೇಣವ್ವ ಹೊಲಿಗೆ ಸರಿ ಇದೆಯೇ ಎಂದು ನೋಡುತ್ತಿದ್ದಾಗ, ಅವಳ ಗಂಡ ಮೈಲಾರಿ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಚಿನ್ನುವನ್ನು ದಿಟ್ಟಿಸಿದ. ಕುರಿ ಸಾಕುವ ಮನುಷ್ಯ. ಟವೆಲ್ಲಿನ ತುದಿಯನ್ನು ನೀರಿಗೆ ಅದ್ದಿ ಅದರ ನೆತ್ತಿಯ ಮೇಲಿಟ್ಟ. ಗೊರಗೊರ ಸ್ವಲ್ಪ ತಗ್ಗಿತು.

“ಬಿಸಲ ತಡಿಯೂದಿಲ್ಲ ಇದಕ್ಕ. ಹೆಸರೇನ್ರಿ ಅಕ್ಕಾರ?”

ಹೆಸರು ಕೇಳಿದ, ಏನು ತಿನ್ನುತ್ತದೆ ಎಂದು ಕೇಳಿದ. ಮರಿಯ ಮಾತೇ ಎತ್ತಲಿಲ್ಲ. ದೇವಿಕಾಗೆ ಕಣ್ಣು ತುಂಬಿ ಬಂತು. ಬಂದವರಿಗೆಲ್ಲ ಹೇಳುತ್ತಿದ್ದ, ಹೊಟ್ಟೆ ಕೊಯ್ದ ಮಾತನ್ನು ಅಂದು ಅವಳೇ ನುಂಗಿಕೊಂಡಳು. ಹೇಳಿದರೆ ಇವನೂ ಎದ್ದು ಹೋದಾನು ಎಂಬ ಹೆದರಿಕೆ. ಅಲ್ಲದೆ ಲಕ್ಕಲಕಟ್ಟಿಯಲ್ಲಿ ಗಂಡು ಪಗ್ ಎಲ್ಲಿಂದ ಬರಬೇಕು?

“ರೊಕ್ಕದ ಮಾತ ಹೇಳ್ರಿ,” ಎಂದ ಮೈಲಾರಿ.

“ರೊಕ್ಕಾ ಏನೂ ಬ್ಯಾಡ ಕಾಕಾ. ಚಲೋತಂಗ ನೋಡ್ಕೊಂಡ್ರ ಸಾಕು.”

ಅವನು ಹೆಂಡತಿಯ ಮುಖ ನೋಡಿದ. “ಹಗ್ಗಾನೂ ಕೊಡ್ತೀರೇನ್ರಿ?”

ಬ್ಲೌಸು ಕತ್ತರಿಸಿ ಉಳಿದ ಚಿಂದಿಗಳನ್ನು ಹೆಣೆದು ದೇವಿಕಾ ತಾನೇ ಮಾಡಿದ ಹಗ್ಗ ಅದು. ಕೆಂಪು, ಹಸಿರು, ಜರಿಯ ಚೂರು ಎಲ್ಲ ಇತ್ತು. “ತಗೊಂಡ ಹೋಗ್ರಿ. ಅದರ ಕೂಡನ ಇರ್ಲಿ,” ಎಂದಳು. ಮೈಲಾರಿ ಹಗ್ಗವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡ. ಎಂಥ ಒಳ್ಳೆಯ ಜನ ಎಂದುಕೊಂಡು ಅವಳು ಆ ರಾತ್ರಿ ಹೊಟ್ಟೆ ತುಂಬ ಉಂಡಳು.

ಆಮೇಲೆ ಮದುವೆಯ ಹೊಲಿಗೆಗಳು ಮೈಮೇಲೆ ಬಿದ್ದವು. ಲಕ್ಕಲಕಟ್ಟಿಯವರು ಯಾರಾದರೂ ಬಂದರೆ ಕೇಳುತ್ತಿದ್ದಳು. ಆರಾಮ ಐತ್ರಿ ಎಂಬ ಉತ್ತರ ಬರುತ್ತಿತ್ತು. ಮಳೆಗಾಲ ಮುಗಿಯಲಿ, ಕರೆದುಕೊಂಡು ಹೋಗಿ ಆಪರೇಶನ್ ಮಾಡಿಸಿದರಾಯಿತು ಎಂದುಕೊಂಡಳು.

ದಸರೆ ಮುಗಿದು ಶೀಗೀ ಹುಣ್ಣಿಮೆಯೂ ಆದ ಮೇಲಿನ ವಾರ ಮೈಲಾರಿ ಅವಳ ಹೊಲಿಗೆ ಅಂಗಡಿಯ ಮೆಟ್ಟಿಲೇರಿದ. ತಲೆಯ ಮೇಲೊಂದು ಬುಟ್ಟಿ. ಇಳಿಸಿ, ಮುಚ್ಚಿದ್ದ ಬಟ್ಟೆ ಸರಿಸಿದ. ಒಳಗೆ ಕಂದುಬಣ್ಣದ ಹೆಣ್ಣುಮರಿ. ಕರಿ ಮೋರೆ, ಕಿವಿ ಒಂದು ನಿಂತಿತ್ತು, ಒಂದು ಬಿದ್ದಿತ್ತು.

“ನಿಮ್ಮ ಪಾಲು ತಂದೇನ್ರಿ ಅಕ್ಕಾರ.”

“ಯಾವ ಪಾಲು?”

“ಚಿನ್ನೂದ್ರಿ. ಮೂರ ಹಾಕ್ತು, ಎರಡ ಅವತ್ತ ಹ್ವಾದುವು. ಮೊದಲಿಂದು ಒಡ್ಯಾರಿಗೆ ಸೇರಬೇಕು, ಅದಕ್ಕ ತಂದೇನಿ.”

ದೇವಿಕಾ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು. “ನಾ ನಿಮಗ ಪಾಲಿಗೆ ಎಲ್ಲಿ ಕೊಟ್ಟಿದ್ದೆ ಕಾಕಾ? ಹಂಗ ಪುಕ್ಕಟ ಕೊಟ್ಟಿದ್ದೆ.”

ಮೈಲಾರಿ ಗೊಂದಲಕ್ಕೆ ಬಿದ್ದ. “ಹಂಗ ಕೊಡಾವ್ರು ಹಗ್ಗಾ ಇಟಗೋತಾರಲ್ರಿ. ಮಾರಿದ್ರೂ ಅಷ್ಟ, ದಾನಾ ಕೊಟ್ರೂ ಅಷ್ಟ, ಹಗ್ಗಾ ಬಿಚ್ಚಿ ಇಟಗೊಂಡ ಬರೀ ಜೀವಾ ಕೊಡತಾರ. ಹಗ್ಗದ ಕೂಡ ಕೊಟ್ರ ಅದು ಪಾಲಿಗೆ ಕೊಟ್ಟಂಗ. ಜೀವಾ ನಿಮ್ದು, ಮೇಯ್ಸೂದು ನಮ್ದು, ಮರಿ ಒಂದ ಸಲ ನಿಮಗ, ಒಂದ ಸಲ ನಮಗ. ನಾ ಕೇಳೇ ಒಯ್ದೇನ್ರಿ.”

ಕೇಳಿಯೇ ಒಯ್ದಿದ್ದ. ಅದೇ ಅವಳಿಗೆ ತಡೆಯಲಾಗದ ಸಿಟ್ಟು. ಮೋಸ ಮಾಡಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಈ ಮನುಷ್ಯ ಬಸ್ಸಿನಲ್ಲಿ ಜೋಪಾನವಾಗಿ ಅವಳ ಪಾಲು ಹೊತ್ತುಕೊಂಡು ಬಂದಿದ್ದಾನೆ.

ಅಂಗಡಿಗೆ ಬೀಗ ಹಾಕಿ ಅವನ ಜೊತೆಗೇ ಲಕ್ಕಲಕಟ್ಟಿಗೆ ಹೊರಟಳು. ಬಸ್ಸಿನಲ್ಲಿ ಬುಟ್ಟಿ ಅವಳ ತೊಡೆಯ ಮೇಲಿತ್ತು. ಮರಿ ನಿದ್ದೆ ಮಾಡುತ್ತಿದ್ದರೂ ಗೊರಗೊರ ಸದ್ದೇ ಇರಲಿಲ್ಲ. ಉಸಿರು ನಿಂತಿತೇ ಎಂದು ಗಾಬರಿಯಾಗಿ, ತಾಯಿಗಿಂತ ಉದ್ದವಾದ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಬೆಚ್ಚಗೆ, ಸರಾಗವಾಗಿ ಬರುತ್ತಿತ್ತು. ಅಣ್ಣನ ಮನೆಯಲ್ಲಿ ಹುಟ್ಟಿದ ಒಂದು ಮರಿಯೂ ಹೀಗೆ ಮಲಗಿದ್ದನ್ನು ಅವಳು ಕಂಡಿರಲಿಲ್ಲ.

ಚಿನ್ನು ಕುರಿ ಕೂಡಿಹಾಕುವ ದಡ್ಡಿಯ ಪಕ್ಕದ ಬೇವಿನ ನೆರಳಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು. ಅವಳ ದನಿ ಕೇಳಿ ಎದ್ದಿತು, ನಾಲ್ಕು ಹೆಜ್ಜೆ ಬಂದು ಕೆಮ್ಮಿ ಕೂತುಬಿಟ್ಟಿತು. ಪಕ್ಕೆಲುಬು ಕಾಣುತ್ತಿದ್ದವು. ಹೊಟ್ಟೆಯ ಹಳೇ ಹೊಲಿಗೆಯ ಗೆರೆ ಕೆಂಪಗೆ ಉಬ್ಬಿಕೊಂಡಿತ್ತು.

“ಬಾಣಂತಿಗೆ ಮಾಡಿದಂಗ ಮಾಡೇನವಾ,” ಎಂದಳು ರೇಣವ್ವ. “ಬೆಲ್ಲದ ಗಂಜಿ ಕುಡಿಸೇನಿ, ಬಿಸಿನೀರ ಹಾಕೇನಿ. ಆದ್ರೂ ಮೈ ಹಿಡೀಲಿಲ್ಲ.”

“ಹಿಡಿಯೂದಿಲ್ಲ ಕಾಕೂ. ಇನ್ನೊಮ್ಮೆ ಗಬ್ಬಾದ್ರ ಇದು ಸಾಯತೈತಿ. ಡಾಕ್ಟರ್ ಹೇಳಿದ್ರು.”

“ಮತ್ತ ಆವಾಗ ಯಾಕ ಹೇಳಲಿಲ್ಲ ನೀ?” ರೇಣವ್ವ ಮೆತ್ತಗೆ ಕೇಳಿದಳು.

ದೇವಿಕಾ ಚಿನ್ನುವಿನ ಕಿವಿ ಸವರುತ್ತ ಕೂತಳು. ಊರ ನಾಯಿಗಳು ದಡ್ಡಿಯ ಸುತ್ತ ಮಲಗಿದ್ದವು. ಅವು ಅಂದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ಪಗ್ಗಿಗೆ ಪಗ್ಗೇ ಬೇಕು ಎಂದು ಅವಳೂ ಅಣ್ಣನ ಹಾಗೆಯೇ ಯೋಚಿಸಿದ್ದಳು.

“ಇದನ್ನ ಒಯ್ತೇನಿ ಕಾಕಾ.”

ಮೈಲಾರಿ ಗೋಣಿಚೀಲ ಮಡಚಿ ಪಕ್ಕಕ್ಕಿಟ್ಟ. “ನಿಮ್ಮ ಜೀವಾ, ಒಯ್ರಿ. ಆದ್ರ ಬರೂ ಸಲದ್ದು ನಂದಿತ್ತು. ಕುರಿ ಕಾಯೂ ಮಂದಿ ಈಗನ ಹೇಳಿಟ್ಟಾರ, ಜಾತಿ ನಾಯಿ ಮರಿ ಬೇಕಂತ. ಆರ ತಿಂಗಳ ಮೇಯ್ಸಿದ್ದು ಬರೀಗೈ ಆತ್ರಿ.”

ನ್ಯಾಯದ ಮಾತು. ಕೊಡಲು ಅವಳ ಬಳಿ ಇದ್ದದ್ದು ಬುಟ್ಟಿಯೊಳಗಿನ ಪಾಲು ಒಂದೇ. ಮರಿಯನ್ನು ಎತ್ತಿ ಅವನ ಮುಂದೆ ಇಟ್ಟಳು. ಮೈಲಾರಿಯ ಮುಖ ಅರಳಿತು. “ಹೆಣ್ಣಮರಿ ಐತ್ರಿ. ಎರಡ ವರ್ಷದಾಗ ಇದರ ಹೊಟ್ಟೀಲೆ...”

ದೇವಿಕಾಗೆ ಆಗ ಹೊಳೆಯಿತು. ಒಂದನ್ನು ಬಿಡಿಸಿಕೊಂಡು ಇನ್ನೊಂದನ್ನು ಅದೇ ಜಾಗಕ್ಕೆ ತಾನೇ ಕಟ್ಟುತ್ತಿದ್ದಾಳೆ. ಚಿನ್ನುವಿನ ಕೊರಳಿನಿಂದ ಹಗ್ಗ ಬಿಚ್ಚಿದಳು. ಚಿಂದಿಯ ಬಣ್ಣ ಮಾಸಿ ಎಲ್ಲ ಒಂದೇ ಆಗಿತ್ತು. ಅದನ್ನು ಮರಿಯ ಕೊರಳಿಗೆ ಸಡಿಲವಾಗಿ ಗಂಟು ಹಾಕಿ, ತುದಿಯನ್ನು ಮೈಲಾರಿಯ ಕೈಗೆ ಕೊಟ್ಟಳು.

“ಹಗ್ಗದ ಕೂಡ ಕೊಡಾಕತ್ತೇನಿ. ಜೀವಾ ನಂದ. ಈ ಸಲ ಬಾಯಿಬಿಟ್ಟ ಹೇಳ್ತೇನಿ, ನನ್ನ ಕೇಳದ ಇದಕ್ಕ ಮರಿ ಹಾಕಸಬ್ಯಾಡ್ರಿ.”

ಮೈಲಾರಿ ಹಗ್ಗವನ್ನು ಹಿಡಿದುಕೊಂಡ. ಈ ಸಲ ಕಣ್ಣಿಗೆ ಒತ್ತಿಕೊಳ್ಳಲಿಲ್ಲ. “ಹಂಗಾದ್ರ ನನ್ನ ಪಾಲೇನ್ರಿ ಅಕ್ಕಾರ?”

“ಬರ್ತೇನಿ ಕಾಕಾ,” ಎಂದಷ್ಟೇ ಹೇಳಿ ಚಿನ್ನುವನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮನೆಯ ಓಣಿಯ ಕಡೆಗೆ ತಿರುಗದೆ, ನರೇಗಲ್ ಮೇಲೆ ಗದಗಕ್ಕೆ ಹೋಗುವ ಬಸ್ಸು ಹತ್ತಿ ಕೂತಳು. ಗದಗಿನ ದನದ ದವಾಖಾನೆಯಲ್ಲಿ ನಾಯಿಗೂ ಆಪರೇಶನ್ ಮಾಡುತ್ತಾರೆಂದು ಯಾರೋ ಹೇಳಿದ್ದರು. ಇಂದೇ ಮಾಡುತ್ತಾರೋ, ಈ ಮೈಯಲ್ಲಿ ಮಾಡುತ್ತಾರೋ, ಅದು ತಿಳಿದಿರಲಿಲ್ಲ. ಅಣ್ಣನ ಫೋನು ಬಂತು. ಎತ್ತಲಿಲ್ಲ.

ಕಂಡಕ್ಟರು ಹತ್ತಿರ ಬಂದವನು ಸೆರಗಿನಿಂದ ಹೊರಗಿಣುಕಿದ ಮೋರೆ ನೋಡಿ ನಕ್ಕ. “ಜಾತಿ ನಾಯಿ ಅಲ್ರಿ ಇದು? ಹೆಣ್ಣೋ ಗಂಡೋ?”

“ಹೆಣ್ಣು.”

“ಮರಿ ಹಾಕಿದ್ರ ನಮಗೂ ಒಂದ ಹೇಳ್ರಿ ಅಕ್ಕಾರ.”

“ಗದಗ ಒಂದು ಕೊಡ್ರಿ,” ಎಂದಳು ದೇವಿಕಾ.

ಬಸ್ಸು ಹೊರಟಿತು. ಕಿಟಕಿಯ ಗಾಳಿಗೆ ಚಿನ್ನು ಮೋರೆಯೊಡ್ಡಿ ಗೊರಗೊರ ಅನ್ನುತ್ತಿತ್ತು. ಅದರ ಕೊರಳಿನ ಸುತ್ತ ಹಗ್ಗವಿದ್ದ ಜಾಗದಲ್ಲಿ ಕೂದಲು ಸವೆದು ಬೋಳಾಗಿತ್ತು. ದೇವಿಕಾ ಆ ಜಾಗದ ಮೇಲೆ ಅಂಗೈ ಇಟ್ಟುಕೊಂಡು ಕೂತಳು.